ಒಂದೇ ನಂಬರಿಗೆ ಇಬ್ಬರು

ಆಫೀಸಿನ ಲ್ಯಾಪ್‌ಟಾಪಿನಲ್ಲಿ ಒಮ್ಮೆಯಾದರೂ ಆ ಎಚ್ಚರಿಕೆ ನೋಡಿರ್ತೀರಿ: ಐಪಿ ಅಡ್ರೆಸ್ ಕಾನ್‌ಫ್ಲಿಕ್ಟ್. ಒಂದೇ ನಂಬರಿಗೆ ಇಬ್ಬರು ಹಕ್ಕುದಾರರು. ರೂಟರ್ ಆಫ್ ಮಾಡಿ ಆನ್ ಮಾಡಿ ಮರೆತುಬಿಡ್ತೀವಿ. ಆದರೆ ಈ ಜಗಳಕ್ಕೆ ನಲವತ್ತು ವರ್ಷಕ್ಕೂ ಮೀರಿದ ಇತಿಹಾಸ ಇದೆ.

ಮೊದಲಿನದು ಶಾನುಭೋಗರ ಕಾಲ. ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಡುವ ದಾಖಲೆಗಳಿಗೆ ಆರ್‌ಎಫ್‌ಸಿ ಅಂತಾರೆ. 1981ರ ಆರ್‌ಎಫ್‌ಸಿ 790ರಲ್ಲಿ ಅಲ್ಲಿಯವರೆಗೆ ಹಂಚಿದ್ದ ನೆಟ್‌ವರ್ಕ್ ನಂಬರುಗಳ ಪಟ್ಟಿ ಇದೆ. ಹೊಸದು ಬೇಕಾದವರು ಜಾನ್ ಅವರನ್ನು ಕೇಳಬೇಕು. ಜಾನ್ ಅಂದರೆ ಜಾನ್ ಪೋಸ್ಟೆಲ್. ನಮ್ಮೂರಲ್ಲಿ ಪಹಣಿ ನೋಡಬೇಕಂದ್ರೆ ಒಬ್ಬರ ಮನೆಗೆ ಹೋಗ್ತಿದ್ದಂಗೆ. ನೆಟ್‌ವರ್ಕಿನ ಒಳಗೆ ಯಾವ ಯಂತ್ರಕ್ಕೆ ಯಾವ ನಂಬರು ಅನ್ನೋದು ಮಾತ್ರ ಆಯಾ ಜಾಗದವರ ತಲೆನೋವು.

1982ರ ನವೆಂಬರಿನಲ್ಲಿ ಡೇವಿಡ್ ಪ್ಲಮ್ಮರ್ ಎಆರ್‌ಪಿ ಬರೆದರು. ಅದು ಕೆಲಸ ಮಾಡೋದು ಹೀಗೆ: ಒಂದು ಯಂತ್ರ ಓಣಿಯಲ್ಲಿ ನಿಂತು “ಈ ನಂಬರು ಯಾರದಪ್ಪಾ?” ಅಂತ ಕೂಗುತ್ತೆ. ನಂಬರಿನ ಯಂತ್ರ “ನಂದು” ಅಂತ ತನ್ನ ಹಾರ್ಡ್‌ವೇರ್ ವಿಳಾಸ ಹೇಳುತ್ತೆ. ಕೇಳಿದವರು ಬರ್ಕೊಳ್ತಾರೆ, ಅಷ್ಟೇ. ನಿಜಾನಾ ಅಂತ ಯಾರೂ ವಿಚಾರಿಸಲ್ಲ. ಆಮೇಲೆ ಇನ್ನೊಬ್ಬ ಬಂದು “ನಂದು” ಅಂದರೆ ಹಳೇದನ್ನು ಅಳಿಸಿ ಹೊಸದನ್ನು ಬರೀತಾರೆ. ಕಡೆಗೆ ಮಾತಾಡಿದವನೇ ಮಾಲೀಕ! ಇದನ್ನು ದಡ್ಡತನ ಅನ್ನೋಕೆ ನಾನು ತಯಾರಿಲ್ಲ. ಯಂತ್ರದ ಕಾರ್ಡ್ ಕೆಟ್ಟು ಹೊಸದು ಹಾಕಿದರೆ, ಹಳೇ ನಂಬರು ಸಲೀಸಾಗಿ ನಡೀತಿದ್ದದ್ದು ಇದೇ ನಂಬಿಕೆಯಿಂದ.

1993ರಲ್ಲಿ ರಾಲ್ಫ್ ಡ್ರೋಮ್ಸ್ ಬರೆದ ಡಿಎಚ್‌ಸಿಪಿ ಬಂತು. ನಂಬರು ಸ್ವಂತದ್ದಲ್ಲ, ಗುತ್ತಿಗೆಗೆ. ಅವಧಿ ಮುಗಿದರೆ ನವೀಕರಿಸಬೇಕು. 1996ರ ಆರ್‌ಎಫ್‌ಸಿ 1918, 192.168ರಂಥ ನಂಬರುಗಳನ್ನು ಯಾರು ಬೇಕಾದರೂ ತಮ್ಮೊಳಗೆ ಬಳಸಿಕೊಳ್ಳಿ ಅಂದಿತು. ಪ್ರತಿ ಹಳ್ಳಿಯಲ್ಲೂ ಸರ್ವೆ ನಂಬರ್ ಒಂದು ಇದ್ದಂಗೆ.

ಹಾಗಾದರೆ ಜಗಳ ಇನ್ನೂ ಯಾಕೆ? ಗೆಳೆಯನ ಪುಟ್ಟ ಆಡಿಟ್ ಆಫೀಸಲ್ಲಿ ಜಿಎಸ್‌ಟಿ ರಿಟರ್ನ್ಸಿನ ಕಡೇ ದಿನ ಪ್ರಿಂಟರ್ ಮಾಯ. ಎಲ್ಲರ ಕಣ್ಣು ಹೊಸದಾಗಿ ಸೇರಿದ ಹುಡುಗನ ಮೇಲೆ. ಅವನು ಲ್ಯಾಪ್‌ಟಾಪ್ ತಂದ ಮೇಲೇ ಹಿಂಗಾಗಿದ್ದು, ಅವನನ್ನೇ ಕಳಿಸಿಬಿಡೋಣ ಅನ್ನೋ ಮಾತೂ ಬಂತು. ನಾನು ಹೋಗಿ ಪ್ರಿಂಟರ್ ಆಫ್ ಮಾಡಿ, ಅದರ ನಂಬರಿಗೆ ಪಿಂಗ್ ಮಾಡಿದೆ. ಉತ್ತರ ಬಂತು! “ಎಆರ್‌ಪಿ ಮೈನಸ್ ಎ” ಕೊಟ್ಟರೆ ಹುಡುಗನ ಲ್ಯಾಪ್‌ಟಾಪಿನ ವಿಳಾಸ. ಆದರೆ ತಪ್ಪು ಅವನದಲ್ಲ. ಪ್ರಿಂಟರಿಗೆ ಯಾರೋ ಎಂದೋ ಕೈಯಾರೆ 50 ಅಂತ ನಂಬರು ಕೊಟ್ಟಿದ್ದರು. ಆ 50 ರೂಟರಿನ ಗುತ್ತಿಗೆ ಪಟ್ಟಿಯೊಳಗೇ ಇತ್ತು. ಕೊಡೋ ಮುಂಚೆ ಒಮ್ಮೆ ಪಿಂಗ್ ಮಾಡಿ ನೋಡಿ ಅಂತ 1997ರ ನಿಯಮ ಹೇಳುತ್ತೆ, ಆದರೆ ಆಫ್ ಆಗಿರೋ ಪ್ರಿಂಟರ್ ಏನಂತ ಉತ್ತರ ಕೊಟ್ಟೀತು? ಪಟ್ಟಿಯನ್ನು 100ರಿಂದ ಶುರು ಮಾಡಿ, ಲ್ಯಾಪ್‌ಟಾಪಿಗೆ ಹೊಸ ನಂಬರು ಕೊಡಿಸಿದ ಮೇಲೆ ಪ್ರಿಂಟರ್ ಮತ್ತೆ ಮಾತಾಡಿತು. ಹುಡುಗನೂ ಉಳಿದ.

ಜಗಳ ಹೇಗೆ ಆಡಬೇಕು ಅಂತ ಪೂರ್ತಿಯಾಗಿ ಬರೆದದ್ದು 2008ರಲ್ಲಿ, ಆ್ಯಪಲ್‌ನ ಸ್ಟುವರ್ಟ್ ಚೆಷೈರ್, ಆರ್‌ಎಫ್‌ಸಿ 5227ರಲ್ಲಿ. ಹೊಸ ನಂಬರು ಹಿಡಿಯೋ ಮುಂಚೆ ಮೂರು ಸಲ ಕೇಳಬೇಕು. ಆಮೇಲೆ ಯಾರಾದರೂ ತಕರಾರು ತೆಗೆದರೆ ಒಮ್ಮೆ “ಇದು ನಂದು” ಅನ್ನಬಹುದು. ಹತ್ತು ಸೆಕೆಂಡಿನೊಳಗೆ ಮತ್ತೆ ತಕರಾರು ಬಂದರೆ ಸುಮ್ಮನೆ ಬಿಟ್ಟುಕೊಡಬೇಕು. ರೂಟರಿನಂಥ, ಎಲ್ಲರೂ ನೆಚ್ಚಿಕೊಂಡ ಯಂತ್ರಕ್ಕೆ ಮಾತ್ರ ಪಟ್ಟು ಬಿಡದೇ ಇರೋ ಅನುಮತಿ ಇದೆ.