ಇಲಿ ನುಡಿದ ಸಾಕ್ಷ್ಯ

ಸಿರುಗುಪ್ಪದ ಭತ್ತದ ಸೀಮೆಯಲ್ಲಿ ಬೆಳೆದ ನನಗೆ ಇಲಿಯೆಂದೊಡನೆ ನೆನಪಾಗುವುದು ಗದ್ದೆಯ ಬದುವಿನ ಬಿಲ. ಕೊಯ್ಲಿನ ದಿನಗಳಲ್ಲಿ ಹಿರಿಯರು ಅದನ್ನು ಕಳ್ಳನೆಂದು ಬೈಯುತ್ತಿದ್ದರು. ಆ ಕಳ್ಳನೇ ಮನುಷ್ಯನ ಪರವಾಗಿ ಸಾಕ್ಷಿ ನುಡಿಯಬಲ್ಲನೆಂಬುದು ನನಗೆ ತಿಳಿದುದು ಬಹಳ ತಡವಾಗಿ.

ನಮ್ಮ ತಾಲ್ಲೂಕು 1953ರವರೆಗೆ ಮದರಾಸಿಗೆ ಸೇರಿತ್ತು. ಅದೇ ಪ್ರಾಂತದ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಇಲಿಗಳನ್ನು ಗುಂಪುಗುಂಪಾಗಿ ವಿಂಗಡಿಸಿ, ಒಂದೊಂದು ಗುಂಪಿಗೂ ಭಾರತದ ಒಂದೊಂದು ಸೀಮೆಯ ಊಟವನ್ನು ಹಾಕಿ ಸಾಕಿದರು. ಸಿಖ್ಖರ ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿಗಳನ್ನು ತಿಂದ ಇಲಿಗಳು ಎಲ್ಲಕ್ಕಿಂತ ಪುಷ್ಟವಾದವು. ಮದರಾಸಿನ ಅನ್ನವನ್ನು ತಿಂದವು ಎಲ್ಲಕ್ಕಿಂತ ಸೊರಗಿದವು. ಕನ್ನಡಿಗರ ಊಟದ ಗುಂಪೂ ಒಂದಿತ್ತು. ಅದರ ಸ್ಥಾನ ಸಿಖ್ಖರ ಗುಂಪಿಗಿಂತ ಬಹಳ ಕೆಳಗೆ. 1936ರಲ್ಲಿ ಲಂಡನ್ನಿನ ಕ್ಯಾಂಟರ್ ಉಪನ್ಯಾಸಗಳಲ್ಲಿ ಅವರು ಇಂಥ ಪ್ರಯೋಗಗಳ ಫಲವನ್ನು ವಿವರಿಸಿದರು.

ತೂಕವನ್ನು ತಕ್ಕಡಿ ಹೇಳೀತು. ಆದರೆ ಯಕೃತ್ತು, ಕರುಳು, ಮೂತ್ರಪಿಂಡಗಳ ಸ್ಥಿತಿಯನ್ನು ಅರಿಯಲು ಇಲಿ ಸಾಯಲೇಬೇಕಾಗಿತ್ತು. ಸತ್ತ ಇಲಿಯಾದರೋ ಒಂದೇ ದಿನದ ಕತೆಯನ್ನು ಹೇಳುತ್ತದೆ. ರೋಗವು ಹೇಗೆ ಬಂದಿತು, ಮುಂದೆ ಏನಾಗುತ್ತಿತ್ತು ಎಂಬುದನ್ನು ಹೇಳದು.

1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಕ್ಷ-ಕಿರಣ ಈ ಕೊರತೆಯನ್ನು ಅರ್ಧ ಮಾತ್ರ ನೀಗಿಸಿತು. ಎಲುಬು ಕಿರಣವನ್ನು ತಡೆಯುವುದರಿಂದ ಸ್ಪಷ್ಟವಾಗಿ ಕಾಣುತ್ತದೆ. ಮೆದು ಅಂಗಗಳು ಒಂದರೊಳಗೊಂದು ಬೆರೆತ ಮಬ್ಬು ನೆರಳುಗಳು. ಆ ಅಂಗಗಳಿಗೆ ಬಿಸ್ಮತ್, ಬೇರಿಯಂ, ಅಯೋಡಿನ್‌ನಂಥ ಭಾರವಾದ ಧಾತುವುಳ್ಳ ವಸ್ತುವನ್ನು ತುಂಬಿದರೆ ಅವೂ ಕಿರಣವನ್ನು ತಡೆದು ಎದ್ದು ಕಾಣುತ್ತವೆ. ಆಸ್ಪತ್ರೆಯವರು ಕಾಂಟ್ರಾಸ್ಟ್ ಎನ್ನುವ ಮದ್ದಿನ ಮರ್ಮ ಇಷ್ಟೇ. ಅಮೆರಿಕದ ವಾಲ್ಟರ್ ಕ್ಯಾನನ್ ಬೆಕ್ಕುಗಳಿಗೆ ಬಿಸ್ಮತ್ ಬೆರೆಸಿದ ಆಹಾರವನ್ನಿತ್ತು, ಜಠರದ ಚಲನೆಯನ್ನು ಕಣ್ಣಾರೆ ಕಂಡು 1898ರಲ್ಲಿ ಪ್ರಕಟಿಸಿದರು. ಬೆಕ್ಕು ಕಳವಳಗೊಂಡೊಡನೆ ಆ ಚಲನೆ ನಿಲ್ಲುತ್ತಿತ್ತು. ಸತ್ತ ದೇಹ ಎಂದಿಗೂ ಹೇಳದ ಮಾತಿದು.

ಕಾಣುವ ಈ ಹಂಬಲ ಒಮ್ಮೆ ದಾರಿ ತಪ್ಪಿತು. 1930ರ ಸುಮಾರಿಗೆ ಥೋರೋಟ್ರಾಸ್ಟ್ ಎಂಬ ಮದ್ದು ಬಂದಿತು. ಅದರಿಂದ ಯಕೃತ್ತು, ಗುಲ್ಮಗಳ ಚಿತ್ರ ಬಹಳ ಚೆನ್ನಾಗಿ ಮೂಡುತ್ತಿತ್ತು. ಆದರೆ ಅದರಲ್ಲಿದ್ದ ಥೋರಿಯಂ ವಿಕಿರಣಶೀಲ ಧಾತು. ಅದರ ಅರ್ಧಾಯುಷ್ಯ 1400 ಕೋಟಿ ವರ್ಷ. ಒಳಹೊಕ್ಕ ಮದ್ದು ಯಕೃತ್ತಿನಲ್ಲೇ ನೆಲೆಸಿಬಿಡುತ್ತಿತ್ತು. ಈ ಮದ್ದು ಚುಚ್ಚಿದ ಇಲಿಗಳಲ್ಲಿ ಗಂತಿಗಳು ಹುಟ್ಟಿದುದನ್ನು ಫ್ರಾನ್ಸಿನ ವಿಜ್ಞಾನಿಗಳು ಆ ದಶಕದಲ್ಲೇ ವರದಿ ಮಾಡಿದ್ದರು. ಇಲಿ ಸಾಕ್ಷಿ ನುಡಿದಿತ್ತು, ಕೇಳುವವರು ಕೇಳಲಿಲ್ಲ. 1950ರ ದಶಕದವರೆಗೂ ಅದನ್ನು ರೋಗಿಗಳಿಗೆ ಚುಚ್ಚಿದರು. ಇಪ್ಪತ್ತು ಮೂವತ್ತು ವರ್ಷಗಳ ತರುವಾಯ ಅವರಲ್ಲಿ ಹಲವರಿಗೆ ಯಕೃತ್ತಿನ ಕ್ಯಾನ್ಸರ್ ಕಾಣಿಸಿಕೊಂಡಿತು.

ಆ ಬಳಿಕ ಹೊಸ ಮದ್ದಿಗೆ ಮೊದಲು ಹಾಕುವ ಪ್ರಶ್ನೆಗಳಲ್ಲಿ ಒಂದು, ಅದು ದೇಹವನ್ನು ಬಿಟ್ಟು ಹೋಗುವುದೇ ಎಂಬುದು. ಎಂ.ಆರ್.ಐ. ಚಿತ್ರಕ್ಕೆ ಬಳಸುವ ಗ್ಯಾಡೋಲಿನಿಯಂ ಮದ್ದನ್ನು ಬರ್ಲಿನ್ನಿನ ವಿಜ್ಞಾನಿಗಳು ಇಲಿಗಳ ಮೇಲೆ ಪರೀಕ್ಷಿಸಿ 1984ರಲ್ಲಿ ವರದಿಯಿತ್ತರು. ಇಂದು ಇಲಿಯ ಗಾತ್ರಕ್ಕೇ ಒಪ್ಪುವ ಸಿ.ಟಿ. ಯಂತ್ರಗಳಿವೆ. ಸಾಮಾನ್ಯ ಅಯೋಡಿನ್ ಮದ್ದು ಚಿಕ್ಕ ಇಲಿಯ ರಕ್ತದಿಂದ ಕೆಲವೇ ನಿಮಿಷಗಳಲ್ಲಿ ಜಾರಿಹೋಗುವುದರಿಂದ, ನಿಧಾನವಾಗಿ ಯಕೃತ್ತಿನಲ್ಲಿ ಕೂಡಿಕೊಳ್ಳುವ ಬೇರೆ ಮದ್ದುಗಳನ್ನು ಅದಕ್ಕಾಗಿ ಸಿದ್ಧಪಡಿಸಿದ್ದಾರೆ. ಅರಿವಳಿಕೆ ಕೊಟ್ಟು ಮಲಗಿಸಿದ ಒಂದೇ ಇಲಿಯನ್ನು ವಾರವಾರವೂ ನೋಡಬಹುದು. ವಾರಕ್ಕೊಂದು ಗುಂಪನ್ನು ಕೊಲ್ಲಬೇಕಾಗಿಲ್ಲ. ಪ್ರಯೋಗಕ್ಕೆ ಬಳಸುವ ಪ್ರಾಣಿಗಳ ಸಂಖ್ಯೆಯನ್ನು ಇಳಿಸಿರೆಂದು ರಸೆಲ್ ಮತ್ತು ಬರ್ಚ್ 1959ರಲ್ಲೇ ಹೇಳಿದ್ದರು.

ಈಚೆಗೆ ಬಳ್ಳಾರಿಯಲ್ಲಿ ನಮ್ಮ ಅಣ್ಣನವರಿಗೆ ಇಂಥ ಮದ್ದು ಚುಚ್ಚುವ ಮುನ್ನ ರಕ್ತ ತೆಗೆದು ಮೂತ್ರಪಿಂಡದ ಪರೀಕ್ಷೆ ಮಾಡಿದರು. “ಹೊಟ್ಟೆಯ ಚಿತ್ರಕ್ಕೆ ಇದೇಕಪ್ಪಾ?” ಎಂದು ಅಣ್ಣ ಕೇಳಿದರು. ಒಳಗೆ ಹೋದದ್ದು ಹೊರಗೆ ಬರಬೇಕಲ್ಲ ಎಂದೆ. ಗದ್ದೆಯ ಕಳ್ಳನ ಕತೆಯನ್ನು ಊರಿಗೆ ಮರಳುವ ದಾರಿಯಲ್ಲಿ ಹೇಳಿದೆ.