ಇಬ್ಬರ ಮಾತಿನ ನಡುವೆ ಒಂದು ಆಟ: ಕನ್ನಡ ಕ್ರಿಕೆಟ್ ಕಾಮೆಂಟರಿಯ ಹಾದಿ

ಐಪಿಎಲ್ ಶುರುವಾದರೆ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಮನೆಗಳಿಗೂ ಈಗ ಆಟ ಕನ್ನಡದಲ್ಲೇ ಬರುತ್ತದೆ. ಆ ಕಾಮೆಂಟರಿಯನ್ನು ಮೆಚ್ಚುವವರೂ ತೆಗಳುವವರೂ ಹಿಡಿಯುವ ಅಳತೆಗೋಲು ಮಾತ್ರ ಒಂದೇ: ಕೂತ ಇಬ್ಬರು ಎಷ್ಟು ನಗಿಸಿದರು ಎಂಬುದು. ಈ ಅಳತೆ ಸಾಲದು ಎಂಬುದು ನನ್ನ ವಾದ. ಇಬ್ಬರು ವಿವರಣೆಗಾರರ ಜೋಡಿ ಕೂಡಿಬರುವುದು ಯಾರ ಕೆಲಸ ಯಾವುದು, ಯಾರು ಯಾವಾಗ ಸುಮ್ಮನಿರಬೇಕು ಎಂಬ ತಿಳಿವಳಿಕೆಯಿಂದ. ನಗು ಅದರ ಬೆನ್ನಿಗೆ ತಾನಾಗಿ ಬರುತ್ತದೆ.

ನಮ್ಮ ಬಾನುಲಿಗೆ ಇಂಥ ಜೋಡಿ ಕಟ್ಟುವ ಅವಕಾಶ ಹೆಚ್ಚು ಸಿಗಲಿಲ್ಲ. ಆಕಾಶವಾಣಿಯ ಟೆಸ್ಟ್ ವಿವರಣೆ ಸರದಿಯಂತೆ ಹಿಂದಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಸಾಗುತ್ತಿತ್ತು. ಸುಶೀಲ್ ದೋಷಿಯವರಂಥವರ ಕಂಠ ಊರೂರು ತಲುಪಿತು, ನಿಜ. ಆದರೆ ಮೈಕ್ ಕೈಬದಲಾದಾಗ ಭಾಷೆಯೇ ಬದಲಾಗುತ್ತಿದ್ದ ಕಡೆ ಮಾತಿಗೆ ಮಾತು ಕೂಡುವುದು ಕಷ್ಟ. ಆಸ್ಟ್ರೇಲಿಯಾದ ಚಾನೆಲ್ ನೈನ್ 1970ರ ದಶಕದ ಕೊನೆಗೆ ಬೇರೆ ದಾರಿ ಹಿಡಿಯಿತು. ಚಿತ್ರಕ್ಕೆ ಏನಾದರೂ ಸೇರಿಸುವುದಿದ್ದರೆ ಮಾತ್ರ ಬಾಯಿ ತೆರೆಯಬೇಕು ಎಂಬುದು ರಿಚಿ ಬೆನೊ ಪಾಲಿಸಿದ ನಿಯಮ. ಅದೇ ತಂಡದಲ್ಲಿ ಬಿಲ್ ಲಾರಿ ತಮ್ಮ ವಿಕ್ಟೋರಿಯಾದ ಆಟಗಾರರನ್ನು ಎತ್ತಿಹಿಡಿದರೆ, ಟೋನಿ ಗ್ರೇಗ್ ಲಾರಿಯವರನ್ನು ಕೆಣಕುತ್ತಿದ್ದರು. ಮೌನಿಯೊಬ್ಬರು, ಜಗಳಗಂಟರಿಬ್ಬರು: ಪಾತ್ರ ಹಂಚಿಕೆಯೇ ಅಲ್ಲಿನ ರುಚಿ. ನಮ್ಮಲ್ಲಿ 2003ರ ವಿಶ್ವಕಪ್ ವೇಳೆ ಸೋನಿ ವಾಹಿನಿಯ ‘ಎಕ್ಸ್‌ಟ್ರಾ ಇನಿಂಗ್ಸ್’ನಲ್ಲಿ ಚಾರು ಶರ್ಮಾ ಜೊತೆ ಮಂದಿರಾ ಬೇಡಿ ಕೂತಾಗ ಟೀಕೆ ಸಾಕಷ್ಟು ಬಂತು. ಆದರೆ ಮನೆಯಲ್ಲಿ ಕೂತವರ ಪ್ರಶ್ನೆಯನ್ನು ಕೇಳುವವರೊಬ್ಬರು ಪರದೆಯ ಮೇಲೆ ಬೇಕು ಎಂಬುದು ಅಲ್ಲಿಂದ ಖಾತ್ರಿಯಾಯಿತು.

ಜೋಡಿ ಮಾತು ಕನ್ನಡಕ್ಕೆ ಹೊಸದಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲದೆ, ಕೂತಲ್ಲೇ, ಎದುರಾಳಿಯ ಮಾತಿನ ತುದಿ ಹಿಡಿದು ಅರ್ಥ ಬೆಳೆಸುವುದನ್ನು ಶೇಣಿ ಗೋಪಾಲಕೃಷ್ಣ ಭಟ್ಟ, ಮಲ್ಪೆ ರಾಮದಾಸ ಸಾಮಗರಂಥವರು ದೊಡ್ಡ ಕಲೆಯನ್ನಾಗಿಸಿದ್ದರು. ಕಬಡ್ಡಿ ಅಂಕಣ, ಟೆನಿಸ್ ಬಾಲ್ ಟೂರ್ನಿಗಳ ಮೈಕಿನಲ್ಲೂ ಆಡುಮಾತಿನ ವಿವರಣೆ ಬೆಳೆದಿತ್ತು. 2018ರಲ್ಲಿ ಸ್ಟಾರ್ ಸಂಸ್ಥೆ ಐಪಿಎಲ್ಲನ್ನು ಕನ್ನಡದಲ್ಲೂ ಕೊಟ್ಟಿತು. ಆ ವರ್ಷದ ಕೊನೆಗೆ ಸ್ಟಾರ್ ಸ್ಪೋರ್ಟ್ಸ್ ಕನ್ನಡ ವಾಹಿನಿಯೇ ಬಂತು. 1999ರ ನೈರೋಬಿಯ ಎಲ್‌ಜಿ ಕಪ್‌ನಲ್ಲಿ ಸರಣಿ ಶ್ರೇಷ್ಠರಾಗಿದ್ದ ವಿಜಯ್ ಭಾರದ್ವಾಜ್, ಕರ್ನಾಟಕದ ಬ್ಯಾಟ್ಸ್‌ಮನ್ ಭರತ್ ಚಿಪ್ಲಿ ಮೊದಲಾದವರು ಮೈಕ್ ಹಿಡಿದರು. 2023ರಲ್ಲಿ ಜಿಯೋಸಿನಿಮಾ ಕೂಡ ಕನ್ನಡ ವಿವರಣೆ ತಂದಾಗ ಕೇಳುಗರಿಗೆ ಆಯ್ಕೆಯೂ ದಕ್ಕಿತು.

ಈ ಕೆಲಸದ ಬಿಗಿಯನ್ನು ಲೆಕ್ಕದಲ್ಲಿ ನೋಡಬೇಕು. ಐಪಿಎಲ್ ಇನಿಂಗ್ಸ್‌ಗೆ 90 ನಿಮಿಷ, 120 ಎಸೆತ. ಒಂದು ಎಸೆತದ ಪಾಲಿಗೆ ಸರಾಸರಿ 45 ಸೆಕೆಂಡ್. ಚೆಂಡು ಬೌಲರ್ ಕೈಬಿಟ್ಟು ಫೀಲ್ಡರ್ ಕೈ ಸೇರುವವರೆಗೆ ಮಾತು ಮುಖ್ಯ ವಿವರಣೆಗಾರರದು. ಮರುದೃಶ್ಯ ಬಂದೊಡನೆ ಮಾಜಿ ಆಟಗಾರ ‘ಯಾಕೆ ಹಾಗಾಯಿತು’ ಎಂದು ಹೇಳಬೇಕು, ಬೌಲರ್ ಮತ್ತೆ ಓಟ ಶುರು ಮಾಡುವ ಮೊದಲೇ ವಾಕ್ಯ ಮುಗಿಸಬೇಕು. ಆತನ ವಾಕ್ಯ ಒಂದು ಕ್ಷಣ ಉದ್ದವಾದರೂ ಮುಂದಿನ ಎಸೆತ ಕೆಟ್ಟಿತು. ಸಾಲದ್ದಕ್ಕೆ ಪ್ರಾದೇಶಿಕ ಭಾಷೆಯ ವಿವರಣೆಗಾರರು ಬಹುಪಾಲು ಕೂರುವುದು ಸ್ಟುಡಿಯೋದಲ್ಲಿ, ಮೈದಾನದಲ್ಲಲ್ಲ. ಕ್ಯಾಮೆರಾ ತೋರಿಸದ ಫೀಲ್ಡರ್ ಅವರಿಗೂ ಕಾಣುವುದಿಲ್ಲ. ಅಂಥ ಹೊತ್ತಿನಲ್ಲಿ ಆಸರೆ ಪಕ್ಕದಲ್ಲಿ ಕೂತವರ ಆಟದ ಜ್ಞಾನ, ಅದನ್ನು ಹೊರಗೆಳೆಯುವ ಒಂದು ಸರಿಯಾದ ಪ್ರಶ್ನೆ.

ಹರಟೆಯಿಂದ ಆಟ ಮರೆಯಾಗುತ್ತದೆ ಎಂಬ ಆಕ್ಷೇಪ ತೂಕದ್ದೇ. ಗೊತ್ತಿರುವ ಗಾದೆ, ಸಿನಿಮಾ ಡೈಲಾಗುಗಳನ್ನು ಪ್ರತಿ ಸಿಕ್ಸರಿಗೂ ಸುರಿದಾಗ ಕೇಳುಗ ದಣಿಯುತ್ತಾನೆ. ಆದರೆ ಆ ತಪ್ಪು ಆಗುವುದು ಇಬ್ಬರೂ ಒಂದೇ ಪಾತ್ರಕ್ಕೆ ಪೈಪೋಟಿಗೆ ಬಿದ್ದಾಗ. ಜೋಡಿ ಹುಟ್ಟಿನಿಂದ ಕೂಡಿಬರಬೇಕು, ಕಟ್ಟಲಾಗದು ಎಂಬುದು ಇನ್ನೊಂದು ಮಾತು. 1991ರ ಓವಲ್ ಟೆಸ್ಟ್ ಇದಕ್ಕೆ ಉತ್ತರ. ಇಯಾನ್ ಬೋಥಮ್ ಹಿಟ್ ವಿಕೆಟ್ ಆದ ಬಗೆಗೆ ಜೊನಾಥನ್ ಆಗ್ನ್ಯೂ ಆಡಿದ ದ್ವಂದ್ವಾರ್ಥದ ಮಾತಿಗೆ ಬ್ರಯನ್ ಜಾನ್‌ಸ್ಟನ್ ಬಿಬಿಸಿ ರೇಡಿಯೊದಲ್ಲಿ ನಗು ತಡೆಯಲಾರದೆ ಹೋದರು. ಆಗ್ನ್ಯೂ ಬಿಬಿಸಿಯ ಆ ವಿವರಣೆ ತಂಡ ಸೇರಿದ್ದು ಅದೇ ವರ್ಷ; ಅಂದರೆ ಜೋಡಿ ಇನ್ನೂ ಹೊಸದು. ಜಾನ್‌ಸ್ಟನ್ ನಗುತ್ತಲೇ ಸ್ಕೋರು ಓದಲು ಹೆಣಗಿದರು. ಕೆಲಸ ಬಿಡಲೊಲ್ಲದ ಆ ಹೆಣಗಾಟವೇ ಆ ಧ್ವನಿಮುದ್ರಿಕೆಯನ್ನು ಇಂದಿಗೂ ಕೇಳುವಂತೆ ಮಾಡಿದೆ.

ಕನ್ನಡಕ್ಕೆ ಈಗ ಬೇಕಿರುವುದು ಬಗೆಬಗೆಯ ಕನ್ನಡ. ‘ದಾವಣಗೆರೆ ಎಕ್ಸ್‌ಪ್ರೆಸ್’ ಆರ್. ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕ 2013–14, 2014–15ರಲ್ಲಿ ಸತತ ರಣಜಿ ಗೆದ್ದಿತು. ಆಟಗಾರರು ಬೆಂಗಳೂರಿನಾಚೆಯಿಂದ ಬಂದಂತೆ ಮಾತೂ ಬರಬೇಕು. ಬೆಂಗಳೂರಿನ ಮಾಜಿ ಆಟಗಾರರ ಪಕ್ಕ ಮಧ್ಯ ಕರ್ನಾಟಕದ ಅಥವಾ ಧಾರವಾಡ ಸೀಮೆಯ ಮಾತುಗಾರರೊಬ್ಬರನ್ನು ಕೂರಿಸಿ, ಪಂದ್ಯಕ್ಕೊಮ್ಮೆ ಬದಲಿಸದೆ ವಾಹಿನಿಗಳು ಇಡೀ ಸೀಸನ್ ಅದೇ ಜೋಡಿಯನ್ನು ಉಳಿಸಿ ನೋಡಲಿ.