ಲೋಹದ 3ಡಿ ಮುದ್ರಣದಲ್ಲಿ ಮೇಲ್ಮೈ ನಿಗಾ

ಲೋಹದ ಪುಡಿಯನ್ನು ತೆಳುವಾಗಿ ಹರಡಿ, ಲೇಸರ್ ಅಥವಾ ಎಲೆಕ್ಟ್ರಾನ್ ಕಿರಣದಿಂದ ಬೇಕಾದಲ್ಲಿ ಮಾತ್ರ ಕರಗಿಸಿ, ಪದರದ ಮೇಲೆ ಪದರ ಕೂರಿಸಿ ಬಿಡಿಭಾಗ ಕಟ್ಟುವಾಗ ಅದರ ಮೈ ಹೇಗೆ ರೂಪುಗೊಳ್ಳುತ್ತಿದೆ ಎಂದು ಮುದ್ರಣ ನಡೆಯುತ್ತಿರುವಾಗಲೇ ಗಮನಿಸುವ ವಿಧಾನಗಳು. ಲೇತಿನಲ್ಲಿ ತಿರುವಿದ ತುಂಡನ್ನು ಕೆಲಸ ಮುಗಿದ ಮೇಲೆ ಅಳೆದರೂ ನಡೆಯುತ್ತದೆ. ಮುದ್ರಣದಲ್ಲಿ ಹಾಗಲ್ಲ. ಪ್ರತಿ ಪದರವೂ ಸ್ವಲ್ಪ ಹೊತ್ತು ಮೇಲ್ಮೈಯಾಗಿದ್ದು, ಮುಂದಿನ ಪದರದಡಿ ಹೂತುಹೋಗುತ್ತದೆ. ಅದರ ದೋಷವೂ ಅಲ್ಲೇ ಉಳಿಯುತ್ತದೆ.

ಮೈಸೂರಿನ ಹೆಬ್ಬಾಳು, ಹೂಟಗಳ್ಳಿ, ಮೇಟಗಳ್ಳಿ ಕೈಗಾರಿಕಾ ಪ್ರದೇಶಗಳ ಯಂತ್ರಶಾಲೆಗಳಿಗೆ ಸರ್ಫೇಸ್ ಫಿನಿಶ್ ಹೊಸ ಮಾತೇನಲ್ಲ. ಡ್ರಾಯಿಂಗಿನಲ್ಲಿ ಆರ್‌ಎ, ಅಂದರೆ ಮೈಯ ಸರಾಸರಿ ಒರಟುತನ, 1.6 ಅಥವಾ 3.2 ಮೈಕ್ರಾನ್ ಎಂದು ಬರೆದಿರುತ್ತದೆ. ಪಳಗಿದ ಕೈಯವರು ಮಾದರಿ ಪಟ್ಟಿಯ ಮೇಲೊಮ್ಮೆ, ತುಂಡಿನ ಮೇಲೊಮ್ಮೆ ಉಗುರೆಳೆದು ಸಾಕೋ ಸಾಲದೋ ಹೇಳಿಬಿಡುತ್ತಾರೆ. ತಕರಾರು ಬಂದರೆ ಸೂಜಿಮೊನೆಯ ಟೆಸ್ಟರ್ ಇದ್ದೇ ಇದೆ. ಲೇಸರ್ ಮುದ್ರಣದಿಂದ ನೇರ ಹೊರಬಂದ ಭಾಗದ ಆರ್‌ಎ ಸಾಮಾನ್ಯವಾಗಿ 5ರಿಂದ 20 ಮೈಕ್ರಾನ್. ಎಲೆಕ್ಟ್ರಾನ್ ಕಿರಣದ್ದು ಇನ್ನೂ ಒರಟು. ಹೊರಮೈಯನ್ನು ಆಮೇಲೆ ಉಜ್ಜಿ ನುಣುಪು ಮಾಡಬಹುದು. ಒಳಗಿನ ಸಣ್ಣ ಕಾಲುವೆಗಳಿಗೆ ಉಗುರೂ ಹೋಗದು, ಸೂಜಿಯೂ ಹೋಗದು.

ಇದು ಎಷ್ಟು ಮುಖ್ಯ ಎನ್ನಲು ಬೆಂಗಳೂರಿನ ವಿಪ್ರೊ 3ಡಿ ಮಾಡಿದ ಎರಡು ಕೆಲಸಗಳನ್ನು ನೋಡಬಹುದು. 2017ರ ಜೂನ್ 5ರಂದು ಹಾರಿದ ಜಿಸ್ಯಾಟ್-19 ಉಪಗ್ರಹದಲ್ಲಿ ಅದು ಮುದ್ರಿಸಿದ ಆಂಟೆನಾ ಫೀಡ್ ಕ್ಲಸ್ಟರ್ ಇತ್ತು. ಮೈಕ್ರೋವೇವ್ ಆವರ್ತನದಲ್ಲಿ ವಿದ್ಯುತ್ತು ಲೋಹದ ತೊಗಲಿನಲ್ಲಷ್ಟೇ ಹರಿಯುತ್ತದೆ: 10 ಗಿಗಾಹರ್ಟ್ಸ್‌ನಲ್ಲಿ ಅಲ್ಯೂಮಿನಿಯಮ್ಮಿನ ಆ ತೊಗಲು 1 ಮೈಕ್ರಾನಿಗಿಂತ ತೆಳು. ಮೈ ಒರಟಾದಷ್ಟೂ ಸಂಕೇತ ಸೊರಗುತ್ತದೆ. ಎರಡನೆಯದು ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತದ ಪಿಎಸ್4 ಎಂಜಿನ್. 14 ಭಾಗಗಳಿದ್ದ ಅದನ್ನು ಇಸ್ರೊ ಒಂದೇ ತುಂಡಾಗಿ ಮರುವಿನ್ಯಾಸ ಮಾಡಿತು. 19 ಬೆಸುಗೆಗಳು ಬೇಡವಾದವು, 565 ಕಿಲೋ ಕಚ್ಚಾಲೋಹದ ಜಾಗದಲ್ಲಿ 13.7 ಕಿಲೋ ಪುಡಿ ಸಾಕಾಯಿತು. 2024ರ ಮೇ 9ರಂದು ಈ ಎಂಜಿನ್ 665 ಸೆಕೆಂಡು ಉರಿದು ಪರೀಕ್ಷೆ ಗೆದ್ದಿತು. ಬೆಸುಗೆ ಹೋದದ್ದು ಲಾಭವೇ ಸರಿ. ಆದರೆ ಬಿಡಿಬಿಡಿಯಾಗಿದ್ದಾಗ ಪ್ರತಿ ಭಾಗದ ಒಳಮೈಯನ್ನೂ ತಿರುಗಿಸಿ ನೋಡುವ ಅನುಕೂಲವಿತ್ತು. ಇಡೀ ತುಂಡಿನಲ್ಲಿ ಆ ಅನುಕೂಲ ಕುಗ್ಗುತ್ತದೆ.

ಒರಟುತನಕ್ಕೆ ಕಾರಣ ಹಲವು. ಲೇಸರ್ ಯಂತ್ರದ ಪುಡಿಯ ಕಣ ಸುಮಾರು 15ರಿಂದ 45 ಮೈಕ್ರಾನ್, ಪದರದ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಇಳಿಜಾರು ಮೈಯಲ್ಲಿ ಮೆಟ್ಟಿಲು ಮೂಡುತ್ತದೆ. ಗೋಡೆಗಳಿಗೆ ಅರೆಬೆಂದ ಕಣಗಳು ಅಂಟಿಕೊಳ್ಳುತ್ತವೆ. ಕೆಳಮುಖದ ಚಾಚುಗಳದ್ದೇ ದೊಡ್ಡ ಕಾಟ. ಅಡಿಯಲ್ಲಿ ಗಟ್ಟಿ ಲೋಹವಿಲ್ಲದೆ ಬರೀ ಪುಡಿಯಿರುವುದರಿಂದ ಶಾಖ ಹೊರಹೋಗದೆ, ಕರಗಿದ ಲೋಹ ಪುಡಿಯೊಳಗೆ ಜೋತುಬಿದ್ದು ಗಂಟುಗಟ್ಟುತ್ತದೆ. ಅಂಚೊಂದು ಉಬ್ಬಿ ನಿಂತರೆ ಸಂಗತಿಯೇ ಬೇರೆ: ಗಾರೆಯವರು ಮಟ್ಟಗೋಲು ಎಳೆಯುವಂತೆ ಪುಡಿ ಹರಡುತ್ತಾ ಬರುವ ರೀಕೋಟರಿನ ಅಲಗು ಅದಕ್ಕೆ ತಾಗಿ, ಹಾಸಿನುದ್ದಕ್ಕೂ ಗೀರು ಬೀಳುತ್ತದೆ.

ನಿಗಾದ ಸರಳ ಸಾಧನ ಕ್ಯಾಮೆರಾ. ಪದರಕ್ಕೆರಡು ಚಿತ್ರ, ಕರಗಿಸಿದ ಮೇಲೊಂದು, ಪುಡಿ ಹರಡಿದ ಮೇಲೊಂದು. ಓರೆಯಾಗಿ ಬೆಳಕು ಬಿಟ್ಟರೆ ಗೀರು, ಉಬ್ಬು, ಪುಡಿ ಸಾಲದ ಜಾಗಗಳು ನೆರಳಾಗಿ ಕಾಣುತ್ತವೆ. ಪಟ್ಟೆಪಟ್ಟೆ ಬೆಳಕು ಹಾಯಿಸಿ ಎತ್ತರವನ್ನೂ ಲೆಕ್ಕ ಹಾಕಬಹುದು. ಲೇಸರಿನ ದಾರಿಯಲ್ಲೇ ಕೂರಿಸಿದ ಫೋಟೋಡಯೋಡ್ ಕರಗಿದ ಲೋಹದ ಹೊಳಪನ್ನು ಓದುತ್ತದೆ. ಲೇಸರ್ ಸೆಕೆಂಡಿಗೆ 1 ಮೀಟರ್ ಓಡಿದರೆ 0.1 ಮಿಲಿಮೀಟರ್ ದಾಟಲು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲು ಸಾಕು. ಹಾಗಾಗಿ ಸೆಕೆಂಡಿಗೆ ಹತ್ತಾರು ಸಾವಿರ ಸಲ ಓದಬೇಕಾಗುತ್ತದೆ.

ಮಾರಾಟದ ಕೈಪಿಡಿಗಳು ಒತ್ತಿ ಹೇಳದ ಮಾತೊಂದಿದೆ. ಕ್ಯಾಮೆರಾ ಮೇಲಿನಿಂದ ನೋಡುತ್ತದೆ, ಗ್ರಾಹಕರು ಅಳೆಯುವ ಗೋಡೆ ಪಕ್ಕದಲ್ಲಿರುತ್ತದೆ. ಇಡೀ ಹಾಸನ್ನು ಹಿಡಿಯುವ ಚಿತ್ರದಲ್ಲಿ ಒಂದು ಪಿಕ್ಸೆಲ್ಲೇ ಹಲವೊಮ್ಮೆ ಹತ್ತಾರು ಮೈಕ್ರಾನ್ ಆವರಿಸುವುದರಿಂದ 10 ಮೈಕ್ರಾನಿನ ಒರಟುತನ ಅದಕ್ಕೆ ಕಾಣುವುದೇ ಇಲ್ಲ. ಅದು ಹಿಡಿಯುವುದು ಒರಟುತನದ ಕಾರಣಗಳನ್ನು, ಉಳಿದದ್ದು ಅಂದಾಜು. 120 ಮಿಲಿಮೀಟರ್ ಎತ್ತರದ ಭಾಗಕ್ಕೆ 40 ಮೈಕ್ರಾನಿನಂತೆ 3,000 ಪದರ, 6,000 ಚಿತ್ರ. ಅಷ್ಟನ್ನೂ ಜನ ಕೂತು ನೋಡಲಾಗದು, ತಂತ್ರಾಂಶಕ್ಕೆ ಕಲಿಸಬೇಕು. ಮಿಶ್ರಲೋಹ ಬದಲಾದರೆ ಹೊಳಪೂ ಬದಲಾಗಿ, ಕಲಿಸಿದ್ದನ್ನು ಮತ್ತೆ ಪರೀಕ್ಷಿಸಬೇಕಾಗುತ್ತದೆ. ಕೊನೆಯಲ್ಲಿ ಸಿ.ಟಿ. ಸ್ಕ್ಯಾನ್ ಇದೆಯಲ್ಲ ಎನ್ನಬಹುದು. ಭಾಗ ದೊಡ್ಡದಾದಷ್ಟೂ, ಲೋಹ ಸಾಂದ್ರವಾದಷ್ಟೂ ಅದರ ನೋಟ ಮಸುಕು.

ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ವಿಪ್ರೊ 3ಡಿ ಸೇರಿ ರೂಪಿಸಿದ ಎಲೆಕ್ಟ್ರಾನ್ ಕಿರಣದ ಯಂತ್ರ 2020ರಲ್ಲಿ ಪ್ರಕಟವಾಯಿತು. ಈ ಬಗೆಯ ಯಂತ್ರಗಳಲ್ಲಿ ಕೆಲಸ ನಿರ್ವಾತದಲ್ಲಿ ನಡೆಯುತ್ತದೆ, ಲೋಹದ ಆವಿ ಕಿಟಕಿಯ ಗಾಜಿಗೆ ಮೆತ್ತಿಕೊಂಡು ಕ್ಯಾಮೆರಾದ ಕಣ್ಣು ಕಟ್ಟುತ್ತದೆ. ಅದಕ್ಕೆ ಸಂಶೋಧಕರು ಕಂಡುಕೊಂಡ ಉಪಾಯವೆಂದರೆ ಕರಗಿಸುವ ಕಿರಣವನ್ನೇ ಬಲ ತಗ್ಗಿಸಿ ಪದರದ ಮೇಲೆ ಓಡಿಸುವುದು. ಅಲ್ಲಿಂದ ಪುಟಿದು ಬರುವ ಎಲೆಕ್ಟ್ರಾನುಗಳು ಮೇಲ್ಮೈಯ ಚಿತ್ರ ಕೊಡುತ್ತವೆ.